ಗೀರು ಬೀಳದ ಹಾಳೆಗೆ ನನ್ನ ಒಪ್ಪಿಗೆ

ಗುರುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ, ಹೊಸಪೇಟೆಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಹೆಂಡತಿ ನಾಗಮ್ಮ, ನನ್ನ ತಂಗಿಯ ಮಗ ಈರೇಶ. ಕಾರ್ಖಾನೆಯೊಂದರ ಉಗ್ರಾಣದಲ್ಲಿ ಸಾಮಾನು ಪರೀಕ್ಷಿಸಿ ಪಾಸು ಮಾಡುತ್ತ ಮೂವತ್ತು ವರ್ಷ ದುಡಿದವನು ನಾನು. ಹೊತ್ತು, ಹಾಜರಿ ಬರೆಯದೆ ಯಾವ ಕೆಲಸಕ್ಕೂ ಕೈ ಹಾಕಲಾರೆ. “ಇರೋದ ಮೂರು ಮಂದಿ. ಯಾರಿಗೆ ಗೈರುಹಾಜರಿ ಹಾಕಬೇಕಂತ ಬರೀತೀರಿ?” ಎಂದಳು ನಾಗಮ್ಮ. ನಿವೃತ್ತಿ ಎಂಬುದು ಮನುಷ್ಯನಿಗೆ ಬರುತ್ತದೆ, ಅವನ ಕೈಗಳಿಗೆ ಬರುವುದಿಲ್ಲ. ಇದನ್ನು ಅವಳಿಗೆ ತಿಳಿಸಿ ಹೇಳುವುದು ಕಷ್ಟ. ನಮ್ಮ ಮದುವೆಯ ದಿನ ತಾಳಿಯ ಸರವನ್ನು ಕಟ್ಟುವ ಮೊದಲು ನಾನು ಎರಡು ಸಲ ಜಗ್ಗಿ ನೋಡಿದೆನೆಂದು ಅವಳು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ನೋಡಿದ್ದು ನಿಜ. ಗಟ್ಟಿಯಾಗಿತ್ತು.

ಈರೇಶ ಟಿವಿ ರಿಪೇರಿ ಕಲಿತವನು. ಅವನ ಅಪ್ಪನಿಗೆ ಮಗ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ತನ್ನ ಪಕ್ಕದಲ್ಲೇ ಕೂರಬೇಕೆಂದು ಆಸೆ. ಇವನಿಗೆ ಬಸ್ ನಿಲ್ದಾಣದ ಹತ್ತಿರ ವಿಡಿಯೋ ಗೇಮ್ ಅಂಗಡಿ ಇಡಬೇಕೆಂದು ಆಸೆ. ಪ್ಲೈವುಡ್ಡಿನಲ್ಲಿ ಎದೆಯೆತ್ತರದ ಪೆಟ್ಟಿಗೆ ಮಾಡಿ, ಹಳೆಯ ಟಿವಿಯನ್ನು ಒಳಗೆ ಕೂರಿಸಿ, ಹಿಡಿಕೆ, ಗುಂಡಿಗಳನ್ನೆಲ್ಲ ತಾನೇ ಜೋಡಿಸಿದ್ದ. ಶುಕ್ರವಾರ ಎಂಟಕ್ಕೆ ಪೂಜೆ, ಅಪ್ಪ ಬಂದು ನೋಡುತ್ತಾರೆ. ಸರಿಯೆನಿಸಿದರೆ ಅಂಗಡಿ, ಇಲ್ಲವಾದರೆ ಗಿರಣಿ. ಉಳಿದದ್ದು ಒಂದೇ, ಟಿವಿಯ ಮುಂದೆ ನಿಲ್ಲಿಸುವ ಪಾರದರ್ಶಕ ಹಾಳೆ. “ಮಾಮಾ, ಆಡೋ ಮಂದಿ ಸೋತ್ರ ಗುದ್ದತಾರ, ಗೆದ್ರ ಬೀಗದಕೈಲೆ ಬಡೀತಾರ. ಗೀರು ಬಿದ್ರ ಆಟ ಕಾಣಂಗಿಲ್ಲ. ನೀವ ಪಾಸು ಮಾಡಿಕೊಡ್ರಿ,” ಎಂದ. ನಿವೃತ್ತಿಯ ನಂತರ ‘ಪಾಸು’ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಎದ್ದು ಅಂಗಿ ಹಾಕಿಕೊಂಡೆ.

ಮೂರು ನಮೂನೆ ತಂದಿದ್ದ. ಮೊದಲನೆಯದು ಕಿಟಕಿಯ ಗಾಜು. ಬೀಗದಕೈಯಿಂದ ಎಳೆದೆ, ಗೀರಿಲ್ಲ. ಲಟ್ಟಣಿಗೆಯಿಂದ ಒಂದು ಕೊಟ್ಟೆ, ಗಾಜೇ ಇಲ್ಲ. ಚೂರು ಗುಡಿಸುತ್ತ ನಾಗಮ್ಮ, “ಇನ್ನ ರೊಟ್ಟಿಗೆ ಲಟ್ಟಣಿಗಿ ಬೇಕಂದ್ರ ನಿಮ್ಮ ಕಡೆ ಅರ್ಜಿ ಹಾಕಬೇಕೇನು?” ಎಂದಳು. ಎರಡನೆಯದು ಬೋರ್ಡು ಬರೆಯುವವರ ಹತ್ತಿರ ಸಿಗುವ ಪ್ಲಾಸ್ಟಿಕ್ ಹಾಳೆ. ಗುದ್ದು ತಡೆಯಿತು, ಆದರೆ ನಾಗಮ್ಮನ ಬಳೆಯ ಅಂಚು ತಾಗಿದ್ದಕ್ಕೇ ಗೆರೆ ಮೂಡಿತು. ಮೂರನೆಯದು ಸಂಡೂರಿನ ಗಣಿಯೊಂದರಿಂದ, ಯಾವುದೋ ಯಂತ್ರಕ್ಕೆ ಹಾಕಿ ಮಿಕ್ಕಿದ್ದು. ಗೀರು ಬೀಳದ ಲೇಪ ಬಳಿದದ್ದು. ಇದ್ದದ್ದು ಒಂದೇ ಹಾಳೆ, ಜೊತೆಗೆ ಅದನ್ನು ಟಿವಿಯ ಅಳತೆಗೆ ಕೊಯ್ದಾಗ ಉಳಿದ ಅಂಗೈಯಗಲದ ತುಂಡೊಂದು. ತುಂಡಿನ ಮೇಲೆ ನಾಣ್ಯ, ಬೀಗದಕೈ, ಬಳೆ ಎಲ್ಲ ಎಳೆದೆ. ಅಂಗಳದ ಅದಿರಿನ ಕೆಂಪು ಧೂಳು ಹಾಕಿ ಉಜ್ಜಿದೆ. ಲಟ್ಟಣಿಗೆಯನ್ನೂ ತೋರಿಸಿದೆ. ಒಂದು ಗೆರೆಯಿಲ್ಲ. “ಪಾಸು!” ಎಂದೆ. ಈರೇಶ ಕಾಲಿಗೆ ನಮಸ್ಕರಿಸಿ, ಪೆಟ್ಟಿಗೆ ತರಲು ಕೈಗಾಡಿ ನೋಡಿಬರುತ್ತೇನೆಂದು ಹೊರಗೆ ಹೋದ.

ನಮ್ಮ ಉಗ್ರಾಣದಲ್ಲಿ ಒಂದು ಪದ್ಧತಿಯಿತ್ತು. ಪಾಸಾದ ಕಬ್ಬಿಣದ ಸಾಮಾನಿನ ಬಲಮೂಲೆಯಲ್ಲಿ ಉಕ್ಕಿನ ಮೊನೆಯ ಕಡ್ಡಿಯಿಂದ ಒಪ್ಪಿಗೆಯ ಗುರುತು ಕೊರೆಯಬೇಕು. ಬಣ್ಣದಲ್ಲಿ ಬರೆದರೆ ಎಣ್ಣೆ ತಾಗಿ ಅಳಿಸುತ್ತದೆ, ಕೊರೆದದ್ದು ಅಳಿಯುವುದಿಲ್ಲ. ನಿವೃತ್ತಿಯ ದಿನ ಗೆಳೆಯರು ಆ ಕಡ್ಡಿಯನ್ನೇ ನನಗೆ ಉಡುಗೊರೆ ಕೊಟ್ಟಿದ್ದರು. ಅದು ಯಾವಾಗ ಟ್ರಂಕಿನಿಂದ ನನ್ನ ಕೈಗೆ ಬಂತೋ ತಿಳಿಯದು. ಕರ್‍ರ್ ಎಂಬ ಸದ್ದು ಕೇಳಿಸಿದಾಗ ನನ್ನ ಹೆಸರಿನ ಮೊದಲಕ್ಷರ ಮುಗಿದಿತ್ತು, ಅದರ ಕೆಳಗಿನ ಗೆರೆ ಅರ್ಧವಾಗಿತ್ತು. ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ, ಪೂರ್ತಿ ಮಾಡಿದೆ. ಕೊರೆದದ್ದು ತುಂಡಿನ ಮೇಲಲ್ಲ, ಹಾಳೆಯ ಮೇಲೆ.

ಮರಳಿ ಬಂದ ಈರೇಶ ನೋಡಿದ. ಬಾಗಿಲಲ್ಲೇ ಕುಂತು, “ಗಿರಣಿ ಬಸ್ಸು ಎಷ್ಟೊತ್ತಿಗಿ ಐತಿ ಮಾಮಾ?” ಎಂದ. ನಾನು ಹಲ್ಲಿನ ಪೇಸ್ಟು ಹಚ್ಚಿ ಮಧ್ಯಾಹ್ನದವರೆಗೆ ಉಜ್ಜಿದೆ. ನಮ್ಮ ಉಗ್ರಾಣದ ಕೆಲಸ ಅಷ್ಟು ಸುಲಭಕ್ಕೆ ಅಳಿಯುವಂಥದ್ದಲ್ಲ. ಮರದ ಚೌಕಟ್ಟಿನಲ್ಲಿ ಮುಚ್ಚಿಹೋಗುತ್ತದೆಯೋ ಎಂದು ಅಳೆದೆ. ಗುರುತು ಚೌಕಟ್ಟಿನ ಅಂಚಿನಿಂದ ಎರಡು ಬೆರಳು ಒಳಗಿತ್ತು.

ಊಟಕ್ಕೆ ಕರೆಯಲು ಬಂದ ನಾಗಮ್ಮ ಹಾಳೆಯನ್ನೂ ನಮ್ಮಿಬ್ಬರ ಮುಖಗಳನ್ನೂ ನೋಡಿದಳು. “ಆಟದಾಗ ಅಂಕಿ ಯಾ ಕಡಿ ಬರ್ತಾವಲೇ?” ಎಂದು ಈರೇಶನನ್ನು ಕೇಳಿದಳು. ಎಡಗಡೆ ಎಂದ. “ಹಂಗಾರ ಯಾಕ ಅಳ್ತೀ? ನಾಳೆ ಶುಕ್ರವಾರ, ಹೆಂಗಿದ್ರೂ ಮಿಷನ್ನಿಗೆ ಕುಂಕುಮ ಹಚ್ಚಬೇಕು. ಇದರ ಮ್ಯಾಲ ಹಚ್ಚು. ಅದಿರು ಲಾರಿಗುಳು ಹಣಿತುಂಬ ಹಚ್ಚಿಗೊಂಡು ತಿರುಗತಾವ, ನಿನ್ನ ಪೆಟ್ಟಿಗಿ ಒಂದು ಬೊಟ್ಟು ಇಟ್ಟುಕೊಂಡ್ರ ಯಾರು ಕೇಳ್ತಾರ?” ಈರೇಶ ಎದ್ದು ನಿಂತ. ಕುಂಕುಮವನ್ನು ದಿನಾ ಬೆಳಿಗ್ಗೆ ಆರಕ್ಕೆ ಹೊಸದಾಗಿ ಹಚ್ಚುವ ಕೆಲಸ, ಚರ್ಚೆಯಿಲ್ಲದೆ, ನನ್ನ ಪಾಲಿಗೆ ಬಂತು.

ಸಂಜೆ ಈರೇಶ ಪೆಟ್ಟಿಗೆಯನ್ನು ಕೈಗಾಡಿಯಲ್ಲಿ ಮನೆಗೆ ತಂದು, ಹಾಳೆ ಕೂರಿಸಿ, ಕುಂಕುಮವಿಟ್ಟು, ಆಟ ಶುರು ಮಾಡಿದ. ಚೆನ್ನಾಗಿ ಕಂಡಿತು. “ಮಾಮಾ, ನೀವೊಂದು ಸಲ ನೋಡ್ರಿ,” ಎಂದು ಈರೇಶ ಕರೆದ. “ಕೈ ಹಿಂದ ಕಟ್ಟಿಗೊಂಡು ನೋಡ್ರಿ,” ಎಂದಳು ನಾಗಮ್ಮ. ಹಾಗೆಯೇ ನೋಡಿದೆ.

ಆರು ಮುಕ್ಕಾಲಿಗೆ ದಿನದ ಕೊನೆಯ ಕೆಲಸ. ಆ ಉಕ್ಕಿನ ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿ ನಾಗಮ್ಮನ ಕೈಗೆ ಒಪ್ಪಿಸಿದೆ. ಅವಳು ಅದನ್ನು ಬೆಲ್ಲದ ಡಬ್ಬಿಯ ಹಿಂದೆ ಇಟ್ಟು, “ಮುಟ್ಟಿದ್ದಕ್ಕ ಸಹಿ ಹಾಕಲೇನು?” ಎಂದಳು. ಬ್ಯಾಡ ಎಂದೆ. ಮೂವತ್ತು ವರ್ಷಗಳಲ್ಲಿ ಸಹಿಯಿಲ್ಲದೆ ನಾನು ಒಪ್ಪಿಸಿದ ಮೊದಲ ಸಾಮಾನು ಅದು.