ಟ್ಯಾಂಕು ತೊಳೆದ ಭಾನುವಾರ

ಇಂಗ್ಲಿಷಿನ ವಿಷಯದಲ್ಲಿ ತಮ್ಮ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ ಎಂಬುದು ನಿಜಲಿಂಗಪ್ಪನವರ ದೃಢ ನಂಬಿಕೆ. ಸ್ವಾರಗೇಟ್ ಹತ್ತಿರದ ಲಾರಿ ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಅವರು ಇಪ್ಪತ್ತಾರು ವರ್ಷಗಳಿಂದ ಹೆಡ್ ಕ್ಲಾರ್ಕ್. ಅವರ ಇಂಗ್ಲಿಷ್ ಪತ್ರಕ್ಕೆ ಉತ್ತರ ಬರೆಯಲು ಹೆದರಿ ಚೆನ್ನೈನ ಪಾರ್ಟಿಯೊಬ್ಬರು ಜಗಳವನ್ನೇ ಕೈಬಿಟ್ಟರಂತೆ. ಹಾಗೆಂದು ಅವರೇ ಹೇಳಿದ್ದು. ಹೀಗಿರುವಾಗ ಮಾಲೀಕರು ಕರೆದು, ಕಚೇರಿಯ ಎಂಟೂ ಕಂಪ್ಯೂಟರಿಗೆ ಹಾಕಲು ಪುಕ್ಕಟೆ ಸಿಗುವ ಇಂಗ್ಲಿಷ್ ಡಿಕ್ಷನರಿಗಳಲ್ಲಿ ಯಾವುದು ಒಳ್ಳೆಯದೆಂದು ಸೋಮವಾರದೊಳಗೆ ಹೇಳಿ ಎಂದರು. ನಿಜಲಿಂಗಪ್ಪನವರು ಹೈಕೋರ್ಟಿಗೆ ನೇಮಕವಾದವರ ಗತ್ತಿನಲ್ಲಿ ಕೋಥರೂಡಿನ ಮನೆಗೆ ಬಂದರು.

ಇನ್ನೂರು ಪುಟದ ಹೊಸ ನೋಟುಬುಕ್ಕಿಗೆ ಗೆರೆ ಹೊಡೆದರು. ಪ್ರತಿ ಡಿಕ್ಷನರಿಗೆ ನೂರು ಅಂಕ. ಮೂವತ್ತೈದಕ್ಕೆ ಪಾಸು.

"ನೋಡ್ತಿರು ವರದಾ, ಒಂದರೆ ನನ್ನ ಕೈಯಾಗ ಪಾಸಾಗ್ತದೇನು," ಎಂದರು ಹೆಂಡತಿಗೆ.

ವರದಾಬಾಯಿಗೆ ಅದನ್ನು ನೋಡುತ್ತ ಕೂರಲು ಪುರಸೊತ್ತಿರಲಿಲ್ಲ. ಮರಾಠಿ ಮಾತಾಡುವವರೇ ಹೆಚ್ಚಿದ್ದ, ನಲವತ್ತೆಂಟು ಮನೆಗಳ ತಮ್ಮ ವಸತಿ ಸೊಸಾಯಿಟಿಗೆ ಅವರು ಹಿಂದಿನ ತಿಂಗಳಷ್ಟೇ ಸೆಕ್ರೆಟರಿಯಾಗಿ ಆರಿಸಿ ಬಂದಿದ್ದರು. ಜಮಖಂಡಿಯ ಹೆಣ್ಣುಮಗಳು ಇಂಗ್ಲಿಷಿನಲ್ಲಿ ನೋಟಿಸು ಬರೆದಾಳೇ ಎಂದು ಒಂದಿಬ್ಬರು ಲಿಫ್ಟಿನಲ್ಲಿ ಕೇಳಿದ್ದು ಅವರ ಕಿವಿಗೂ ಬಿದ್ದಿತ್ತು. ಭಾನುವಾರ ನೀರಿನ ಟ್ಯಾಂಕು ತೊಳೆಸಬೇಕು, ಹತ್ತರಿಂದ ನಾಲ್ಕರವರೆಗೆ ನೀರು ಬಂದ್. ಅದೇ ಅವರ ಮೊದಲ ನೋಟಿಸು.

ಶನಿವಾರ ಬೆಳಿಗ್ಗೆ ಪರೀಕ್ಷೆ ಶುರುವಾಯಿತು. ಮೊದಲನೆಯ ಡಿಕ್ಷನರಿ 'ಪೇಶನ್ಸ್' ಎಂಬ ಪದದ ಅರ್ಥ ಹೇಳುವ ಮೊದಲು ಮೂರು ಜಾಹೀರಾತು ತೋರಿಸಿತು. ನಿಜಲಿಂಗಪ್ಪನವರ ತಾಳ್ಮೆ ಎರಡನೆಯದಕ್ಕೇ ಮುಗಿಯಿತು, ಹನ್ನೊಂದು ಅಂಕ. ಎರಡನೆಯ ಡಿಕ್ಷನರಿ, ಒಂದು ಪದ ಹುಡುಕಿದರೆ ಇನ್ನೊಂದನ್ನು ನೋಡಿ ಎಂದಿತು, ಅದನ್ನು ನೋಡಿದರೆ ಮೊದಲನೆಯದನ್ನೇ ನೋಡಿ ಎಂದಿತು. ಸರ್ಕಾರಿ ಕಚೇರಿಯಲ್ಲಿ ಅಲೆದಂತಾಗಿ ಸೊನ್ನೆ ಕೊಟ್ಟರು. ಮೂರನೆಯದು ಪ್ರತಿ ಪದವನ್ನೂ ಗಟ್ಟಿಯಾಗಿ ಉಚ್ಚರಿಸುತ್ತಿತ್ತು. ಸುಲಭದ ಪದವೊಂದನ್ನು ಕೊಟ್ಟು ನೋಡೋಣವೆಂದು 'ಈಡಿಯಟ್' ಒತ್ತಿದರೆ ನಿಲ್ಲಿಸಲು ಬಾರದೆ ಆರು ಸಲ ಕೂಗಿತು.

"ಯಾರ್ರೀ ಅದು, ನಿಮ್ಮನ್ನ ಕರ್ಯಾಕತ್ತಾರ?" ಎಂದರು ಅಡುಗೆಮನೆಯಿಂದ ವರದಾಬಾಯಿ.

ನಾಲ್ಕನೆಯದು ಮಾತ್ರ ಅವರ ಮನಸ್ಸು ಗೆದ್ದಿತು. ಅದರಲ್ಲೊಂದು ವಿಶೇಷ ಸೌಲಭ್ಯವಿತ್ತು. ನಾವು ಟೈಪು ಮಾಡುತ್ತಿದ್ದಂತೆಯೇ ಅದು ತನಗೆ ಕಠಿಣವೆನಿಸಿದ ಪದವನ್ನು ತೆಗೆದು, ಆ ಜಾಗದಲ್ಲಿ ಅದರ ಅರ್ಥವನ್ನೇ ವಿಸ್ತಾರವಾಗಿ ಕೂರಿಸುತ್ತಿತ್ತು. ನಿಜಲಿಂಗಪ್ಪನವರು ಆ ಸೌಲಭ್ಯ ಚಾಲೂ ಮಾಡಿ, ತೊಂಬತ್ತೆರಡು ಅಂಕ ಕೊಟ್ಟು, ಸ್ನಾನಕ್ಕೆ ಎದ್ದುಹೋದರು. ಚಾಲೂ ಇದ್ದದ್ದು ಚಾಲೂ ಇತ್ತು.

ಅದೇ ಕಂಪ್ಯೂಟರಿನಲ್ಲಿ ವರದಾಬಾಯಿ ಕೀಲಿಮಣೆಯ ಮೇಲೆ ಕಣ್ಣಿಟ್ಟು, ಒಂದೊಂದೇ ಅಕ್ಷರ ಹುಡುಕಿ ನೋಟಿಸು ಬರೆದರು. ತಲೆಯೆತ್ತಿ ನೋಡಿದರೆ ಗಾಬರಿ. ತಲೆ ಒರೆಸಿಕೊಳ್ಳುತ್ತ ಬಂದ ಗಂಡನನ್ನು ನಿಲ್ಲಿಸಿದರು.

"ನಾ ನಾಕ ಸಾಲ ಬರದಿದ್ದೆ. ಇಲ್ಲಿ ಹನ್ನೊಂದ ಆಗ್ಯಾವಲ್ರೀ? ಒಂದಿಷ್ಟು ಓದಿ ನೋಡ್ರಿ."

ಕನ್ನಡಕ ಒಳಗಿತ್ತು. ತರಲು ಬೇಸರ. ಕಣ್ಣು ಕಿರಿದು ಮಾಡಿ ನೋಡಿದ ನಿಜಲಿಂಗಪ್ಪನವರಿಗೆ ಉದ್ದುದ್ದ ವಾಕ್ಯಗಳು ಕಂಡವು. ಹೆಂಡತಿಯ ಇಂಗ್ಲಿಷು ತಮ್ಮ ಸಹವಾಸದಿಂದ ಸುಧಾರಿಸಿದೆ ಎಂದು ಎದೆಯುಬ್ಬಿತು.

"ಆಫೀಸ್ ಇಂಗ್ಲಿಷ್ ಅಂದ್ರ ಹಿಂಗ ಇರಬೇಕು. ಕಳಸು."

ನೋಟಿಸು ಸೊಸಾಯಿಟಿಯ ವಾಟ್ಸಾಪ್ ಗುಂಪಿಗೆ ಹೋಯಿತು. ಸಂಜೆಯೊಳಗೆ ನಲವತ್ತೊಂದು ಹೆಬ್ಬೆರಳು ಬಂದವು. ಇಂಗ್ಲಿಷ್ ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳಲು ಒಬ್ಬರಿಗೂ ಧೈರ್ಯವಿರಲಿಲ್ಲ.

ಭಾನುವಾರ ಹತ್ತಕ್ಕೆ ನೀರು ನಿಂತಿತು. ಹತ್ತೂಕಾಲಿಗೆ ಬಾಗಿಲ ಗಂಟೆ ಬಡಿಯಿತು. ಹೊರಗೆ ಎರಡನೇ ಮಹಡಿಯ ಪರಾಂಜಪೆ, ನಿವೃತ್ತ ಹೈಸ್ಕೂಲು ಮಾಸ್ತರರು, ಸೊಸಾಯಿಟಿಯ ಅಧ್ಯಕ್ಷರು. ಸೊಂಟಕ್ಕೆ ಟವೆಲು, ಎರಡೂ ಕಿವಿಯಲ್ಲಿ ಸಾಬೂನಿನ ನೊರೆ, ಕೈಯಲ್ಲಿ ಮೊಬೈಲು. ನೀರು ನಿಂತ ಮೇಲೆಯೇ ಅವರು ನೋಟಿಸನ್ನು ಮೊದಲ ಸಲ ಓದಿದ್ದು.

"ವಹಿನಿ, ರಣಗಾಡಾ ಕುಠೆ ಆಹೆ?" ಎಂದು ಮರಾಠಿಯಲ್ಲಿ ಬಹಳ ವಿನಯದಿಂದ ಕೇಳಿದರು. ಅಂದರೆ, ಅತ್ತಿಗೆಯವರೇ, ಯುದ್ಧದ ಟ್ಯಾಂಕು ಎಲ್ಲಿದೆ?

ನಿಜಲಿಂಗಪ್ಪನವರು ಕನ್ನಡಕ ಹಾಕಿಕೊಂಡು ಓದಿದರು. ಆ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: ನಮ್ಮ ಮಾಳಿಗೆಯ ಮೇಲಿರುವ, ಉಕ್ಕಿನ ಕವಚ ತೊಟ್ಟ, ತೋಪುಳ್ಳ ಯುದ್ಧವಾಹನವನ್ನು ತೊಳೆಯಲಾಗುವುದು. ಉಬ್ಬುತಗ್ಗಿಲ್ಲದ ಸಮತಟ್ಟಿನಲ್ಲಿ ವಾಸಿಸುವ ಸದಸ್ಯರೆಲ್ಲರೂ ಬಣ್ಣ, ವಾಸನೆಗಳಿಲ್ಲದ ದ್ರವವನ್ನು ದೊಡ್ಡ ಅಂಗಡಿ ಮಾಡತಕ್ಕದ್ದು. ಟ್ಯಾಂಕು, ಫ್ಲ್ಯಾಟು, ಸ್ಟೋರು, ಯಾವುದನ್ನೂ ಡಿಕ್ಷನರಿ ಬಿಟ್ಟಿರಲಿಲ್ಲ. ಕೆಳಗೆ ಸೆಕ್ರೆಟರಿ ಎಂದಿರಬೇಕಾದಲ್ಲಿ, ಆ ಪದಕ್ಕಿರುವ ಇನ್ನೊಂದು ಅರ್ಥ ಹಿಡಿದು, 'ಖಾನೆಗಳುಳ್ಳ ಬರೆಯುವ ಮೇಜು' ಎಂದು ಸಹಿಯಾಗಿತ್ತು.

ಅಷ್ಟರಲ್ಲಿ ಕೆಳಗೆ ಗದ್ದಲ ಎದ್ದಿತ್ತು. ಯಾರ ಮನೆಯಲ್ಲೂ ಬಕೆಟ್ಟು ತುಂಬಿರಲಿಲ್ಲ. ಸೆಕ್ರೆಟರಿಯನ್ನು ಬದಲಿಸಬೇಕೆಂಬ ಮಾತು ಮೂರನೇ ಮಹಡಿಯ ಇವರ ಮನೆಯವರೆಗೆ ಕೇಳುತ್ತಿತ್ತು. ವರದಾಬಾಯಿ ಫೋನು ಮಾಡಿ ನೀರಿನ ಟ್ಯಾಂಕರು ತರಿಸಲು ಹೇಳಿ, ಸೆರಗು ಸಿಕ್ಕಿಸಿಕೊಂಡು ಹೊರಟರು. ಸಾಫ್ಟ್‌ವೇರಿನ ದೋಷವನ್ನು ತಾವೇ ಜನರಿಗೆ ವಿವರಿಸುವುದಾಗಿ ನಿಜಲಿಂಗಪ್ಪನವರು ಹಿಂದೆಯೇ ಓಡಿದರು. ಮೆಟ್ಟಿಲ ಮೇಲೆ ವರದಾಬಾಯಿ ತಿರುಗಿ ನಿಂತರು.

"ನೀವು ವಿವರ್ಸಿದ್ದು ಸಾಕು. ಈಗ ನಾ ಏನ ಹೇಳಿದ್ರೂ ಹೌದಂತ ಗೋಣ ಹಾಕ್ರಿ. ಅಷ್ಟ."

ಗುಂಪಿನೆದುರು ವರದಾಬಾಯಿ ತಮ್ಮ ಸೊಗಸಾದ ಮರಾಠಿಯಲ್ಲಿ ಮಾತಾಡಿದರು. ಅರ್ಧ ತಾಸಿನಲ್ಲಿ ನೀರು ಬರುತ್ತದೆ ಎಂದರು. ತಪ್ಪು ತಮ್ಮದೇ ಎಂದರು. ನಮ್ಮವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಗೊತ್ತಿದ್ದೂ ಅವರ ಕೈಯಲ್ಲಿ ನೋಟಿಸು ತಿದ್ದಿಸಿದೆ, ಮನಸ್ಸಿಗೆ ನೋವಾಗಬಾರದೆಂದು ಸುಮ್ಮನಿದ್ದೆ ಎಂದರು.

ಎಲ್ಲರೂ ನಿಜಲಿಂಗಪ್ಪನವರ ಕಡೆ ತಿರುಗಿದರು. ಇಪ್ಪತ್ತಾರು ವರ್ಷಗಳ ಹೆಡ್ ಕ್ಲಾರ್ಕು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೆಂಡತಿಯ ಮುಖ ನೋಡಿದರು. ಗೋಣು ಹಾಕಿದರು.

ಗುಂಪಿನ ಸಿಟ್ಟು ಅಲ್ಲಿಗೇ ಇಳಿಯಿತು. ಪಾಪ ಎಂದರು ಹೆಂಗಸರು. ತಮ್ಮ ಮನೆಯಲ್ಲೂ ಇದೇ ಕಥೆ ಎಂದು ಒಬ್ಬಾಕೆ ಸಮಾಧಾನ ಹೇಳಿದರು. ಸೆಕ್ರೆಟರಿಯನ್ನು ಬದಲಿಸುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಟ್ಯಾಂಕರು ಬಂದಾಗ ಬಕೆಟ್ಟು ಹೊತ್ತು ಮನೆಮನೆಗೆ ಮುಟ್ಟಿಸುವ ಕೆಲಸವನ್ನು ನಿಜಲಿಂಗಪ್ಪನವರೇ ವಹಿಸಿಕೊಂಡರು. ಅವರು ವಹಿಸಿಕೊಂಡರೆಂದು ವರದಾಬಾಯಿಯೇ ಘೋಷಿಸಿದ್ದರು.

ಕಿವಿ ತೊಳೆದುಕೊಂಡ ಪರಾಂಜಪೆ ಮಾಸ್ತರರು ಅವರ ಹೆಗಲ ಮೇಲೆ ಕೈಯಿಟ್ಟು, ಬಾರದಿರುವುದು ಅವಮಾನವಲ್ಲ, ನಾಳೆಯಿಂದ ಸಂಜೆ ಆರಕ್ಕೆ ಬನ್ನಿ, ಫೀ ಬೇಡ ಎಂದರು. ನಿಜಲಿಂಗಪ್ಪನವರು ಬಾಯಿ ತೆರೆಯುವಷ್ಟರಲ್ಲಿ ವರದಾಬಾಯಿ ಒಪ್ಪಿಯಾಗಿತ್ತು.

ಸೋಮವಾರ ಮಾಲೀಕರಿಗೆ ಯಾವುದೂ ಬೇಡವೆಂದು ವರದಿ ಒಪ್ಪಿಸಿ, ಸಂಜೆ ಆರಕ್ಕೆ ನಿಜಲಿಂಗಪ್ಪನವರು ಎರಡನೇ ಮಹಡಿಗೆ ಇಳಿದರು. ಮಾಸ್ತರರು ಅಕ್ಕರೆಯಿಂದ ಕೂರಿಸಿಕೊಂಡರು. ಕಪಾಟಿನಿಂದ ರಟ್ಟು ಸವೆದ ದಪ್ಪ ಪುಸ್ತಕವೊಂದನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವರ ತೊಡೆಯ ಮೇಲಿಟ್ಟು, ಒಂದನೇ ಇಯತ್ತೆಯ ಮಗುವಿಗೆ ಹೇಳುವಂತೆ, ಬಿಡಿಸಿ ಬಿಡಿಸಿ ಹೇಳಿದರು: ಇದಕ್ಕೆ ಡಿಕ್ಷನರಿ ಅನ್ನುತ್ತಾರೆ.