ಮಾವನ ಸೈಕಲ್ಲಿಗೆ ನಾನು ಹಚ್ಚಿದ ವಯಸ್ಸು

ವಿಸ್ಕಾನ್ಸಿನ್ನಿನ ನಮ್ಮ ಪುಟ್ಟ ಊರಿನಲ್ಲಿ ಯಾರ ಬಳಿಯೂ ಇಲ್ಲದಂಥ ಮೋಟಾರು ಸೈಕಲ್ಲನ್ನು ಕೈಯಾರೆ ಕಟ್ಟುತ್ತೇನೆ ಎಂದು ಫೆಬ್ರವರಿಯ ಒಂದು ಬೆಳಿಗ್ಗೆ, ಎರಡನೇ ಲೋಟ ಕಾಫಿ ಮುಗಿಯುವ ಮೊದಲೇ ನಾನು ಘೋಷಿಸಿದೆ. ಅಂಗಡಿಯಲ್ಲಿ ಸಿಗುವಂಥದ್ದಲ್ಲ ಸ್ವಾಮಿ. ನೂರು ವರ್ಷದ ಹಿಂದೆ ಸೈಕಲ್ಲಿಗೇ ಎಂಜಿನ್ ಕಟ್ಟಿಕೊಂಡು ಪಂದ್ಯಕ್ಕೆ ಇಳಿಯುತ್ತಿದ್ದರಲ್ಲ, ಅಂಥದ್ದು. ಬಗ್ಗಿದ ಹ್ಯಾಂಡಲ್ಲು, ತೊಗಲಿನ ಸೀಟು, ತಾಮ್ರದ ಪೆಟ್ರೋಲ್ ಟ್ಯಾಂಕು! ಚೀಸ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಯಂತ್ರಗಳ ಹೊಟ್ಟೆಯೊಳಗೆ ಕೈಹಾಕಿ ನಿವೃತ್ತನಾದ ಈ ಲೈಲ್ ಟ್ವೆಟನಿಗೆ ಒಂದು ಸೈಕಲ್ಲು ಯಾವ ಲೆಕ್ಕ?

"ಹೋದ ವರ್ಷ ಟೋಸ್ಟರ್ ರಿಪೇರಿ ಮಾಡಿದ್ರಲ್ಲ, ಅದೇ ಕೈನಾ?" ಎಂದಳು ಹೆಂಡತಿ ಮಾರ್ಲಿಸ್.

ಆ ಟೋಸ್ಟರ್ ಈಗ ಬ್ರೆಡ್ಡನ್ನು ಒಂದೇ ಕಡೆ ಸುಡುತ್ತದೆ. ನಾನು ಆವತ್ತೇ ಎಂಜಿನ್ನಿಗೆ ದುಡ್ಡು ಕಳಿಸಿದೆ.

ಎಂಜಿನ್ ಅಂಚೆಯಲ್ಲಿ ಬಂತು. ಇನ್ನು ಬೇಕಾದದ್ದು ಹಳೆಯ ಗಟ್ಟಿ ಫ್ರೇಮು. ಹನ್ನೊಂದು ಮೈಲಿ ಆಚೆ ಹೊಲದ ಮನೆಯಲ್ಲಿ ಒಬ್ಬರೇ ಇರುವ ನಮ್ಮತ್ತೆ ಆರ್ಡಿತ್ ಅವರ ಕೊಟ್ಟಿಗೆಯಲ್ಲಿ, ತೀರಿಕೊಂಡ ಮಾವ ಐನಾರ್ ಅವರ ಸೈಕಲ್ಲು ನೇತಾಡುತ್ತಿತ್ತು. ಎಂಬತ್ತಾರರ ಅತ್ತೆ ಹೆಚ್ಚು ಮಾತಿನವರಲ್ಲ.

"ತಗೊಂಡ್ಹೋಗಪ್ಪ. ಮಾಡಿ ಮುಗಿಸಿದ್ಮೇಲೆ ಒಂದ್ಸಲ ನಂಗೆ ತೋರಿಸು. ಅದರಲ್ಲಿ ನಾನು ನೋಡೋದೊಂದಿದೆ."

ಏನದು ಎಂದು ಕೇಳಬೇಕಿತ್ತು. ನಾನು ಆಗಲೇ ಸೈಕಲ್ಲನ್ನು ಪಿಕಪ್ ಗಾಡಿಗೆ ಏರಿಸುತ್ತಿದ್ದೆ.

ಮಾಸಿದ ಹಸಿರು ಬಣ್ಣ, ಅಲ್ಲಲ್ಲಿ ತುಕ್ಕು, ಫ್ರೇಮಿನ ಮೇಲಿನ ಕೊಳವೆಯ ಅಡಿಭಾಗದಲ್ಲಿ ಸಾಲಾಗಿ ಸಣ್ಣ ಬಿಳಿ ಗೆರೆಗಳು. ಕೊಟ್ಟಿಗೆಯ ಪಾರಿವಾಳಗಳ ಕೆಲಸ ಎಂದುಕೊಂಡೆ. ಕೆಳಗಿನಿಂದ ಮೇಲಕ್ಕೆ ಆ ಕೆಲಸ ಮಾಡಲು ಯಾವ ಪಾರಿವಾಳಕ್ಕೂ ಬರುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಡ್ರಿಲ್ಲಿಗೆ ತಂತಿ ಬ್ರಷ್ ಸಿಕ್ಕಿಸಿ ಬಿಟ್ಟೆ. ಅರ್ಧ ಗಂಟೆಯಲ್ಲಿ ಫ್ರೇಮು ಸ್ಟೀಲ್ ಚಮಚದ ಹಾಗೆ ಹೊಳೆಯಿತು. ಮೇಲೆ ಎರಡು ಕೈ ಕಡುಗೆಂಪು ಬಣ್ಣ ಹೊಡೆದೆ.

ಪಕ್ಕದ ಮನೆಯ ಡೆಲ್ಮರ್ ಇಂಥ ಸೈಕಲ್ಲು ಮೂರು ಕಟ್ಟಿ ಬೇರೆ ಊರಿನವರಿಗೆ ಮಾರಿದವನು. ಬಂದು ಸುತ್ತ ತಿರುಗಿ ನೋಡಿದ.

"ಚೆನ್ನಾಗಿದೆ ಕಣಯ್ಯ. ಕ್ರಿಸ್ಮಸ್ಸಿಗೆ ಮಕ್ಕಳಿಗೆ ಕೊಡೋ ಆಟದ ಸಾಮಾನಿದ್ದಂಗಿದೆ."

"ಅಂದ್ರೆ?"

"ನೂರು ವರ್ಷದ ಗಾಡಿ ಅಂತೀಯ, ಒಂದು ಚುಕ್ಕೆ ತುಕ್ಕಿಲ್ಲ. ಇದಕ್ಕೆ ವಯಸ್ಸು ಹಚ್ಚಬೇಕಪ್ಪ."

ವಯಸ್ಸು ಹಚ್ಚುವುದು ಈ ಹುಚ್ಚು ಹಿಡಿದವರಲ್ಲಿ ದೊಡ್ಡ ವಿದ್ಯೆ. ವಿನೆಗರಿಗೆ ಉಪ್ಪು ಕಲಸಿ ಚಿಮುಕಿಸಿದರೆ ಮರುದಿನವೇ ತುಕ್ಕು. ಉಪ್ಪುಕಾಗದದಿಂದ ಅಂಚು ಉಜ್ಜಿದರೆ ಮೂವತ್ತು ವರ್ಷದ ಸವಕಲು. ಕಾಫಿ ಚರಟದ ನೀರು ಬಳಿದರೆ ಅಜ್ಜನ ಕಾಲದ ಕೊಳೆ. ಹೀಗೆ, ಅರವತ್ತು ವರ್ಷದ ಅಸಲಿ ತುಕ್ಕನ್ನು ಅರ್ಧ ಗಂಟೆಯಲ್ಲಿ ಕಿತ್ತೆಸೆದ ಮಹಾಪುರುಷ ನಾನು, ಮೂರು ವಾರ ಬೆವರು ಸುರಿಸಿ ನಕಲಿ ತುಕ್ಕು ಬರಿಸಿದೆ. ಆಗ ಅದು ಹೆಮ್ಮೆಯ ಕೆಲಸದಂತೆಯೇ ಕಾಣುತ್ತಿತ್ತು.

ಮೇ ತಿಂಗಳಲ್ಲಿ ಎಂಜಿನ್ ಕೂರಿಸಿ, ನಾಲ್ಕು ಸುತ್ತು ತುಳಿದು ಕ್ಲಚ್ ಲಿವರ್ ಬಿಟ್ಟೆ. ಡಬಡಬ ಎಂದು ಬೀದಿಯೆಲ್ಲ ನಡುಗಿತು. ಡೆಲ್ಮರನ ಕೋಳಿಗಳು ಮೂರು ದಿನ ಮೊಟ್ಟೆಯಿಡಲಿಲ್ಲ. ಸದ್ದಿಗೆ ಹೊರಗೆ ಬಂದ ಮಾರ್ಲಿಸ್ ನನ್ನನ್ನು ಹೊಗಳುತ್ತಾಳೆ ಎಂದುಕೊಂಡರೆ, ಬಗ್ಗಿ ಕೊಳವೆಯ ಅಡಿಗೆ ಇಣುಕಿದಳು.

"ಅಪ್ಪನ ಗೆರೆ ಎಲ್ರೀ?"

"ಯಾವ ಗೆರೆ?"

"ಬಿಳಿ ಗೆರೆ. ಅಮ್ಮನ್ನ ನೋಡೋಕೆ ಅಪ್ಪ ಪ್ರತಿ ಭಾನುವಾರ ಹನ್ನೊಂದು ಮೈಲಿ ತುಳ್ಕೊಂಡು ಹೋಗ್ತಿದ್ರು. ಹೋದ ಸಲಕ್ಕೆಲ್ಲ ಒಂದೊಂದು ಗೆರೆ. ಅಮ್ಮ ಮದುವೆಗೆ ಹೂಂ ಅನ್ನೋವರೆಗೂ."

ಕೈಯಲ್ಲಿದ್ದ ಸ್ಪ್ಯಾನರ್ ಕಾಲ ಮೇಲೆ ಬಿತ್ತು. ನೋವೇ ಗೊತ್ತಾಗಲಿಲ್ಲ.

"ಎಷ್ಟು ಗೆರೆ ಇತ್ತೇ?"

"ನಾನು ಯಾವತ್ತೂ ಎಣಿಸಿಲ್ಲ. ಅವರಿಬ್ಬರ ಜಗಳಾನೇ ಅದು. ಅಪ್ಪ ನಲವತ್ತೊಂದು ಸಲ ಬಂದೆ ಅಂತಿದ್ರು. ಅಮ್ಮ ಮೂವತ್ತೊಂಬತ್ತೇ ಅಂತಿದ್ರು. ಹಿಮ ಬಿದ್ದಾಗ ಎರಡು ಸಲ ಸೈಕಲ್ ತಳ್ಕೊಂಡು ಬಂದಿದ್ದು ಲೆಕ್ಕಕ್ಕಿಲ್ಲ ಅಂತ. ಮದುವೆ ಆದಾಗಿಂದ ಇದೇ ರಾಗ." ನನ್ನ ಮುಖ ನೋಡಿ ಅವಳಿಗೆ ಎಲ್ಲ ತಿಳಿಯಿತು. "ಹೋಗಿ ಹೇಳ್ಬಿಡ್ರೀ. ಅಮ್ಮ ಬೈತಾರೆ, ಅಷ್ಟೇ ತಾನೆ?"

ಹೇಳಬೇಕಿತ್ತು. ಹೇಳಲಿಲ್ಲ. ಬರೆಯುವಾಗಲೂ ನಾಚಿಕೆಯಾಗುತ್ತದೆ, ನಾನು ಹೋಗಿ ತಂದದ್ದು ಒಂದು ಸಣ್ಣ ಕುಂಚ. ವಯಸ್ಸು ಹಚ್ಚುವ ವಿದ್ಯೆ ಕೈಯಲ್ಲಿರುವಾಗ ಹೆದರಿಕೆ ಯಾಕೆ? ಎಷ್ಟು ಗೆರೆ ಎಂಬುದಷ್ಟೇ ಪ್ರಶ್ನೆ. ಜಗಳವಾಡಿದ ಇಬ್ಬರಲ್ಲಿ ಬದುಕಿರುವವರು ಅತ್ತೆ. ಅವರನ್ನು ಗೆಲ್ಲಿಸಿದರೆ ನಾನೂ ಬಚಾವು. ಕೊಳವೆಯ ಅಡಿಗೆ ಒಂದು ಪಟ್ಟಿ ಹಸಿರು ಬಳಿದು, ಮೂವತ್ತೊಂಬತ್ತು ಬಿಳಿ ಗೆರೆ ಎಳೆದು, ಉಜ್ಜಿ, ಕಾಫಿ ನೀರು ಕುಡಿಸಿದೆ. ಸಾಕ್ಷಾತ್ ಮಾವನವರೇ ಎಳೆದಂತಿತ್ತು. ಮಾರ್ಲಿಸ್ ಆ ವಾರ ನನ್ನೊಡನೆ ಮಾತಾಡಲಿಲ್ಲ.

ಜೂನಿನ ಮೊದಲ ಶನಿವಾರ ಅಗ್ನಿಶಾಮಕ ಠಾಣೆಯಲ್ಲಿ ಊರಿಗೆಲ್ಲ ಪ್ಯಾನ್‌ಕೇಕ್ ಊಟ. ಹೊರಗೆ ಹಳೆಯ ಗಾಡಿಗಳ ಸಾಲು. ನನ್ನ ಸೈಕಲ್ಲಿನ ಸುತ್ತ ತಟ್ಟೆ ಹಿಡಿದ ಗಂಡಸರ ಗುಂಪು. ಅಷ್ಟರಲ್ಲಿ ಮಾರ್ಲಿಸ್ ತಾಯಿಯನ್ನು ಕರೆತಂದಳು. ಅತ್ತೆ ಚರ್ಚಿಗೆ ಹಾಕುವ ನೀಲಿ ಕೋಟು ತೊಟ್ಟಿದ್ದರು.

"ಗೆರೆ ಹಾಗೇ ಇಟ್ಟಿದೀಯೇನಪ್ಪ?"

"ಅಯ್ಯೋ ಅತ್ತೆ, ಅದನ್ನ ಮುಟ್ತೀನಾ? ಸುತ್ತ ಮಾತ್ರ ಬಣ್ಣ ಹೊಡೆದೆ."

ಅತ್ತೆ ಕುರ್ಚಿ ಎಳೆದುಕೊಂಡು ಕೂತು, ಕೊಳವೆಯ ಅಡಿಗೆ ಕೈಯಿಟ್ಟು, ಹೆಬ್ಬೆರಳಿನಿಂದ ಒಂದೊಂದೇ ಗೆರೆ ಸವರಿ ಎಣಿಸತೊಡಗಿದರು. ತುಟಿ ಅಲುಗುತ್ತಿತ್ತು. ಮಾರ್ಲಿಸ್ ಆಕಾಶ ನೋಡುತ್ತಿದ್ದಳು.

"ಮೂವತ್ತೊಂಬತ್ತು," ಎಂದರು ಅತ್ತೆ.

"ನೋಡಿದ್ರಾ? ನೀವು ಹೇಳ್ತಿದ್ದದ್ದೇ ಸರಿ," ಎಂದೆ, ಗುಂಪಿಗೆಲ್ಲ ಕೇಳಿಸುವಂತೆ.

ಅತ್ತೆ ನನ್ನನ್ನೇ ನೋಡಿದರು. "ಇನ್ನೆರಡು ಎಲ್ಲಪ್ಪ?"

ನನ್ನ ಬಾಯಲ್ಲಿದ್ದ ಪ್ಯಾನ್‌ಕೇಕ್ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಇದ್ದಿದ್ದು ನಲವತ್ತೊಂದು ಲೈಲ್. ಅಡುಗೆಮನೆ ಕಿಟಕೀಲಿ ನಿಂತು ಅವರ ದಾರಿ ಕಾಯ್ತಿದ್ದೋಳು, ನಂಗೆ ಗೊತ್ತಿರಲ್ವಾ? ತಳ್ಕೊಂಡು ಬಂದಿದ್ದಕ್ಕೂ ಗೆರೆ ಹಾಕ್ಕೊಂಡಿದೀರಿ ಅಂತ ರೇಗಿಸ್ತಿದ್ದೆ. ಅವರು ಹೋಗೋವರೆಗೂ ನಾನು ಸೋಲು ಒಪ್ಪಿಕೊಳ್ಳಲಿಲ್ಲ. ಇವತ್ತು ಆ ಎರಡು ಗೆರೆ ಮುಟ್ಟಿ, ನೀವೇ ಗೆದ್ರಿ ಅಂತ ಹೇಳ್ಬಿಡೋಣ ಅಂತ ಬಂದೆ." ಹೆಬ್ಬೆರಳನ್ನು ಮೂಗಿನ ಬಳಿ ಹಿಡಿದರು. "ಕಾಫಿ ವಾಸನೆ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೆ ಎನಿಸಿತು. ಅಷ್ಟು ಜನರ ಮುಂದೆ ಎಲ್ಲ ಒಪ್ಪಿಕೊಂಡೆ. ಡ್ರಿಲ್ಲು, ಪಾರಿವಾಳ, ಕುಂಚ, ಯಾವುದನ್ನೂ ಬಿಡಲಿಲ್ಲ. ಡೆಲ್ಮರ್ ಕೂಡ ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಅತ್ತೆ ಕೂಗಾಡಲಿಲ್ಲ. "ಮೋಟಾರು ಬಿಚ್ಚು. ನಿನ್ನ ಗೆರೆ ಎಲ್ಲ ಅಳಿಸು. ಇನ್ಮೇಲೆ ಪ್ರತಿ ಭಾನುವಾರ ತುಳ್ಕೊಂಡು ನಮ್ಮನೆಗೆ ಬಾ. ಬಂದ ಸಲಕ್ಕೆ ಒಂದು ಗೆರೆ ನೀನೇ ಹಾಕು. ನಲವತ್ತೊಂದು ಆದ್ಮೇಲೆ ಮೋಟಾರು ಹಾಕ್ಕೊಳ್ಳೋವಂತೆ," ಎಂದು ಎದ್ದರು.

ಈಗ ಊರಲ್ಲಿ ಯಾರ ಬಳಿಯೂ ಇಲ್ಲದ ನನ್ನ ಮೋಟಾರು, ಬಟ್ಟೆ ಒಗೆಯುವ ಕೋಣೆಯಲ್ಲಿ ಟವಲು ಹೊದ್ದು ಮಲಗಿದೆ. ನಾನು ಪೂರ್ತಿ ಬದಲಾದ ಮನುಷ್ಯ. ಹೋದ ಭಾನುವಾರ ಒಂಬತ್ತನೆಯ ಸವಾರಿ. ಕೊನೆಯ ಏರಿನಲ್ಲಿ ಮಂಡಿ ಕೈಕೊಟ್ಟು ಒಂದೂವರೆ ಮೈಲಿ ನಡೆದೆ. ಯಾರೂ ಕೇಳದಿದ್ದರೂ ಬಾಗಿಲಲ್ಲೇ ಹೇಳಿಬಿಟ್ಟೆ, "ಅತ್ತೆ, ಇವತ್ತು ತಳ್ಕೊಂಡು ಬಂದೆ."

ಅತ್ತೆ ಬಿಳಿ ಬಣ್ಣದ ಡಬ್ಬಿ ತಂದು ನನ್ನ ಮುಂದಿಟ್ಟರು. "ಹಾಕಪ್ಪ ಗೆರೆ. ತಳ್ಕೊಂಡು ಬಂದೋರ ಜೊತೆ ಇನ್ನೊಂದು ಅರವತ್ತು ವರ್ಷ ಜಗಳ ಆಡೋ ಆಯಸ್ಸು ನಂಗಿಲ್ಲ."

ನನ್ನ ಕಣ್ಣು ತುಂಬಿ ಬಂತು. ಕುಂಚ ಅದ್ದಿ ಒಂಬತ್ತನೇ ಗೆರೆ ಎಳೆದೆ. ಅತ್ತೆ ನನಗೆ ಕಾಫಿ ಬಗ್ಗಿಸಿ, ಕಿಟಕಿಯ ಕಡೆ ಕೈ ತೋರಿದರು.

"ಹಾಗೇ ಮೊದಲನೇ ಗೆರೆ ಅಳಿಸ್ಬಿಡು. ಆವತ್ತು ನೀನು ಸೇತುವೆವರೆಗೂ ಪಿಕಪ್‌ನಲ್ಲಿ ಬಂದು ಸೈಕಲ್ ಇಳಿಸ್ಕೊಂಡೆಯಲ್ಲ, ಈ ಕಿಟಕಿಗೆ ಆ ಸೇತುವೆ ಚೆನ್ನಾಗಿ ಕಾಣ್ಸುತ್ತೆ."