ಇಳಿಯಲೊಪ್ಪದ ಸೀಟಿನ ಕಂಬಕ್ಕೆ

ಕುಂಬ್ಡಾಜೆ,
ಮಹಾನವಮಿ, ಊಟದ ನಂತರ

ಶ್ರೀ ಸೀಟಿನ ಕಂಬದವರಿಗೆ,
ಹಳೆಯ ಮೌಂಟನ್ ಸೈಕಲಿನ ಹೊಟ್ಟೆಯೊಳಗೆ ಖಾಯಂ ವಾಸ,
ನಮ್ಮ ಮನೆಯ ಜಗಲಿ.

ಮಾನ್ಯರೇ,

ತಲೆಯ ಮೇಲೆ ಸೀಟೆಂಬ ಕಿರೀಟವನ್ನೂ, ಕೊರಳಿಗೆ ಸೇವಂತಿಗೆ ಮಾಲೆಯನ್ನೂ, ಹಣೆ ಎನ್ನಬಹುದಾದ ಜಾಗದಲ್ಲಿ ಗಂಧದ ಬೊಟ್ಟನ್ನೂ ಧರಿಸಿ ಈ ಹೊತ್ತು ನಮ್ಮ ಜಗಲಿಯಲ್ಲಿ ಪೂಜೆಗೊಳ್ಳುತ್ತಿರುವ ತಮ್ಮ ಸನ್ನಿಧಾನಕ್ಕೆ ಹರಿನಾರಾಯಣನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರವಣಿಗೆಯ ಮರ್ಯಾದೆಗೆ ಮಾತ್ರ. ತಮ್ಮನ್ನು ಎಳೆದೂ ಎಳೆದೂ ಸೊಂಟ ಹಿಡಿದಿರುವುದರಿಂದ ನಿಜವಾಗಿ ಬಗ್ಗಲಿಕ್ಕೆ ಆಗುವುದಿಲ್ಲ.

ನಾನು ಕಾಗದ ಬರೆದು ಕೆಲಸ ಮಾಡಿಸಿಕೊಳ್ಳುವ ಜಾತಿಯವನಲ್ಲ, ಸುತ್ತಿಗೆ ಹಿಡಿಯುವವನು. ಆದರೆ ಇವತ್ತು ಆಯುಧಪೂಜೆ. ಸುತ್ತಿಗೆ, ಪೈಪ್ ರೆಂಚು, ಕಬ್ಬಿಣ ಕೊಯ್ಯುವ ಗರಗಸ, ಸ್ಪ್ಯಾನರಿನ ಗೊಂಚಲು ಎಲ್ಲವನ್ನೂ ನನ್ನ ಹೆಂಡತಿ ಅನ್ನಪೂರ್ಣೇಶ್ವರಿ ತೊಳೆದು, ಕುಂಕುಮ ಹಚ್ಚಿ, ತಮ್ಮ ಪಾದದ ಬುಡದಲ್ಲೇ ಮಣೆಯ ಮೇಲೆ ಸಾಲಾಗಿ ಇಟ್ಟಿದ್ದಾಳೆ. ನಾಳೆ ಬೆಳಗಿನ ಪೂಜೆ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ಪುಸ್ತಕ, ಪೆನ್ನುಗಳನ್ನೂ ಇಡುವುದು ಕ್ರಮ. ನಾನು ಐದನೇ ಕ್ಲಾಸಿಗೆ ಶಾಲೆಗೆ ಕೈಮುಗಿದವನಾದ್ದರಿಂದ, "ಇದು ನಿಮ್ಮ ಆಯುಧ ಅಲ್ಲ, ನೀವೇ ಇಟ್ಟುಕೊಳ್ಳಿ" ಎಂದು ನನ್ನ ಪೆನ್ನನ್ನು ಮಾತ್ರ ಅವಳು ಹಿಂದೆ ಕೊಟ್ಟಳು. ಹಾಗಾಗಿ ಇಡೀ ಮನೆಯಲ್ಲಿ ನನ್ನ ಕೈಗೆ ಉಳಿದ ಒಂದೇ ಹತ್ಯಾರು ಇದು.

ತಮ್ಮಂಥ ಎತ್ತರದವರಿಗೆ ಕೆಳಗಿನವರ ಕಷ್ಟ ಕಾಣದಿರುವುದು ಸಹಜ, ಆದ್ದರಿಂದ ಹೇಳುತ್ತೇನೆ. ಅನ್ನಪೂರ್ಣೇಶ್ವರಿಗೆ ಅರುವತ್ತನಾಲ್ಕು ವರ್ಷ, ಎತ್ತರ ನಾಲ್ಕು ಅಡಿ ಹತ್ತು ಇಂಚು. ಅವಳ ಅಣ್ಣಂದಿರು ಮೂವರೂ ಸೈಕಲ್ ಕಲಿತದ್ದು ಅಗಲ್ಪಾಡಿಯ ಗದ್ದೆಯ ಬದಿಯಲ್ಲಿ, ಹಿಂದಿನಿಂದ ಸೀಟು ಹಿಡಿದುಕೊಂಡು ಓಡಿದವಳು ಇವಳು. ಮೂವರೂ ಕಲಿತು ಮುಗಿದ ಮೇಲೆ "ಇನ್ನು ನಾನು ಹತ್ತುತ್ತೇನೆ" ಎಂದದ್ದಕ್ಕೆ, "ನಿನ್ನನ್ನು ಹಿಡಿದುಕೊಂಡು ಓಡಲಿಕ್ಕೆ ಯಾರುಂಟು?" ಎಂದು ಕೇಳಿ ಹೋದರಂತೆ. ಈ ಮಾತನ್ನು ಅವಳು ನನಗೆ ಹೇಳಿದ್ದು ಮದುವೆಯಾಗಿ ನಲುವತ್ತಮೂರು ವರ್ಷ ಕಳೆದ ಮೇಲೆ, ಈ ಸಲದ ವಿಷುವಿನ ದಿನ, ಹಪ್ಪಳ ಒಣಗಿಸುತ್ತಾ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದಳು: "ವಿಜಯದಶಮಿಗೆ ಮಕ್ಕಳಿಗೆ ಅಕ್ಷರ ಬರೆಸುವುದಿಲ್ಲವಾ? ನನ್ನ ಸೈಕಲ್ ವಿದ್ಯಾರಂಭವೂ ಅದೇ ದಿನ. ಸೈಕಲ್ ಎಲ್ಲಿಂದ ತರುತ್ತೀರೋ ನನಗೆ ಗೊತ್ತಿಲ್ಲ."

ತಂದೂ ಬಿಟ್ಟೆ. ಶಾರ್ಜಾದಿಂದ ಊರಿಗೆ ಬಂದು ನಿಂತ ನಿಸಾಮುದ್ದೀನನ ಕೊಟ್ಟಿಗೆಯಲ್ಲಿ ಇಪ್ಪತ್ತೈದು ವರ್ಷದಿಂದ ಗೋಡೆಗೆ ಒರಗಿದ್ದ ಈ ಮೌಂಟನ್ ಸೈಕಲನ್ನು ಅವನು "ಕೊಂಡುಹೋಗಿ ಮಾರಾಯ್ರೆ, ಕೋಳಿಗಳು ಕೂರುತ್ತವೆ" ಎಂದು ಕೊಟ್ಟ. ಮೂರು ಹಲ್ಲುಚಕ್ರ ಮುಂದೆ, ಏಳು ಹಿಂದೆ. ಒಂದೊಂದನ್ನು ಉಳಿಸಿ ಬಾಕಿಯದ್ದನ್ನು ಕಿತ್ತೆ, ಏಕೆಂದರೆ ನನ್ನ ಮನೆಯಲ್ಲಿ ಯಾವುದಕ್ಕೂ ಇಪ್ಪತ್ತೊಂದು ಅಭಿಪ್ರಾಯ ನಡೆಯುವುದಿಲ್ಲ. ಬಗ್ಗಿ ಹಿಡಿಯುವ ಹ್ಯಾಂಡಲ್ ತೆಗೆದು ಎದೆಯ ಕಡೆಗೆ ಬರುವ ಹ್ಯಾಂಡಲ್ ಹಾಕಿದೆ. ಮಡ್‌ಗಾರ್ಡ್ ಅಡಿಕೆ ಹಾಳೆಯದ್ದು, ಹರಿದರೆ ಮರ ಇನ್ನೊಂದನ್ನು ಬೀಳಿಸಿ ಕೊಡುತ್ತದೆ. ಬೆಲ್ಲಿನ ಬದಲು ಕರುವಿನ ಕೊರಳಿನ ಕಂಚಿನ ಗಂಟೆ ಕಟ್ಟಿದ್ದೇನೆ. ಅದನ್ನು ಬಾರಿಸಿದಾಗಲೆಲ್ಲ ಹಟ್ಟಿಯಿಂದ ದನ ಓಗೊಡುತ್ತದೆ ಎಂಬುದನ್ನು ಬಿಟ್ಟರೆ ಏನೂ ಕೊರತೆ ಇಲ್ಲ. ಚಕ್ರ ತಿರುಗುತ್ತದೆ, ಬ್ರೇಕು ಹಿಡಿಯುತ್ತದೆ, ಹಿಡಿಯಬಾರದ ತಾವೂ ಹಿಡಿದಿದ್ದೀರಿ. ಅವಳ ಕಾಲು ಪೆಡಲಿಗೆ ಎಟಕಬೇಕಾದರೆ ತಾವು ಐದೇ ಐದು ಇಂಚು ಕೆಳಗಿಳಿಯಬೇಕು. ಅದು ತಮಗೆ ಒಪ್ಪಿಗೆ ಇಲ್ಲ.

ತಮ್ಮ ಮನವೊಲಿಸಲು ನಾನು ಮಾಡಿದ ಉಪಚಾರವನ್ನು ಮದುಮಗನಿಗೂ ಯಾರೂ ಮಾಡಿರಲಾರರು. ತೆಂಗಿನೆಣ್ಣೆಯ ಅಭ್ಯಂಗ ಮೂರು ದಿನ, ಸೀಮೆಎಣ್ಣೆ ನಾಲ್ಕು ದಿನ, ಬಿಸಿನೀರಿನ ಸ್ನಾನ ಬೆಳಿಗ್ಗೆ ಸಂಜೆ. ಬೋವಿಕಾನದಲ್ಲಿ ಗುಜರಿ ಅಂಗಡಿ ಇಟ್ಟಿರುವ ಕೋಯ ತನ್ನ ಫೋನಿನಲ್ಲಿ ಯಾವನೋ ಬಿಳಿಯನ ವೀಡಿಯೊ ತೋರಿಸಿ, ಕಪ್ಪು ಸೋಡಾ ಹೊಯ್ದರೆ ಸಡಿಲವಾಗುತ್ತದೆ ಎಂದ. ಹೊಯ್ದೆ. ಇರುವೆಗಳು ಬಂದವು, ತಾವು ಬರಲಿಲ್ಲ. ಕೊನೆಗೆ ಸೈಕಲನ್ನು ಹಲಸಿನ ಮರಕ್ಕೆ ಬಿಗಿದು, ತಮ್ಮ ಕೊರಳಿಗೆ ಹಗ್ಗ ಹಾಕಿ, ನೆರೆಮನೆಯ ಜನಾರ್ದನನ ಜೀಪಿನಿಂದ ಎಳೆಸಿದೆ. ಬಂದದ್ದು ಜೀಪಿನ ಬಂಪರು. ಅದನ್ನು ನೋಡಲು ಅಂಗಡಿಗೆ ಬೀಗ ಹಾಕಿ ಬಂದಿದ್ದ ಕೋಯ, "ಹರಿಯಣ್ಣ, ಇದು ಇನ್ನು ಇಳಿಯುವುದಿಲ್ಲ. ಅಕ್ಕನನ್ನೇ ಸ್ವಲ್ಪ ಉದ್ದ ಮಾಡಲಿಕ್ಕೆ ಆಗುತ್ತದಾ ನೋಡಿ" ಎಂದ. ಅವನ ಜೊತೆ ನನಗೆ ಈಗ ಮಾತಿಲ್ಲ. ಈ ಪತ್ರದ ಒಂದು ನಕಲನ್ನು ಅವನ ಅಂಗಡಿಯ ಬಾಗಿಲಿಗೆ ಅಂಟಿಸುವುದೆಂದು ತೀರ್ಮಾನಿಸಿದ್ದೇನೆ.

ಹಾಗೆಂದು ತಮ್ಮ ಗುಣವನ್ನು ಮೆಚ್ಚದಿರಲು ಸಾಧ್ಯವೇ? ಈ ರಾಜ್ಯದಲ್ಲಿ ಮಂತ್ರಿಗಳು ಇಳಿಯುತ್ತಾರೆ, ವಿಲ್ಲೇಜ್ ಆಫೀಸರರು ವರ್ಷ ತುಂಬುವ ಮೊದಲೇ ಬೇರೆ ಊರಿಗೆ ಹೋಗುತ್ತಾರೆ, ರಬ್ಬರಿನ ರೇಟಂತೂ ಇಳಿಯುವುದನ್ನೇ ಕಸುಬು ಮಾಡಿಕೊಂಡಿದೆ. ತಾವೊಬ್ಬರು ಮಾತ್ರ ಜೀಪಿಗೂ ಜಗ್ಗದೆ ಏರಿದಲ್ಲೇ ನಿಂತಿದ್ದೀರಿ. ತಮ್ಮನ್ನು ಚುನಾವಣೆಗೆ ನಿಲ್ಲಿಸಿದರೆ ಗೆದ್ದ ಮೇಲೆ ಪಕ್ಷ ಬಿಡುವ ಹೆದರಿಕೆ ಯಾರಿಗೂ ಬೇಡ.

ಆದ್ದರಿಂದ ನನ್ನ ಬೇಡಿಕೆಗಳು ಬಹಳ ಸಣ್ಣವು. ಒಮ್ಮೆಲೇ ಇಳಿಯುವುದು ಮರ್ಯಾದೆಗೆ ಕಡಿಮೆಯಾದರೆ ನಾಳೆ ಬೆಳಿಗ್ಗೆ ಅರ್ಧ ಗಂಟೆಯ ರಜೆ ಹಾಕಿ ಎಲ್ಲಿಯಾದರೂ ಹೋಗಿ ಬನ್ನಿ. ಖಾಲಿ ಜಾಗದಲ್ಲಿ ನಾನು ಒಂದು ಬಿದಿರಿನ ತುಂಡನ್ನು ತಾತ್ಕಾಲಿಕವಾಗಿ ನೇಮಿಸುತ್ತೇನೆ. ಅದೂ ಆಗದಿದ್ದರೆ ತಾವು ಇದ್ದಲ್ಲೇ ಇರಿ, ನಮ್ಮ ಅಂಗಳವನ್ನು ಮಾತ್ರ, ಅವಳ ಕಾಲು ಬರುವ ಕಡೆಯಲ್ಲೆಲ್ಲ, ಐದು ಇಂಚು ಮೇಲೆತ್ತಿ ಕೊಡಬೇಕೆಂದು ಪಂಚಾಯತಿಗೆ ಅರ್ಜಿ ಕೊಡುತ್ತೇನೆ. ವಾರ್ಡ್ ಮೆಂಬರರಲ್ಲಿ ಕೇಳಿದೆ. ಗ್ರಾಮಸಭೆಯಲ್ಲಿ ಇಡುವ ಎಂದಿದ್ದಾರೆ. ಅವರು ಎಲ್ಲದಕ್ಕೂ ಹಾಗೆಯೇ ಹೇಳುವುದು.

ಇನ್ನೊಂದು ವಿಷಯ ಬರೆಯುವುದೋ ಬೇಡವೋ ಎಂದು ಊಟ ಮಾಡುವಾಗಿನಿಂದ ಯೋಚಿಸುತ್ತಿದ್ದೇನೆ. ಮೊನ್ನೆ ತಮ್ಮ ಬುಡವನ್ನು ಚಾಕುವಿನಿಂದ ಕೆರೆಯುವಾಗ ಒಂದು ಪುಡಿ ಉದುರಿತು, ತೆಳು ನೀಲಿ ಬಣ್ಣದ್ದು. ನಮ್ಮ ಕಡೆಯಲ್ಲಿ ಆ ನೀಲಿಯನ್ನು ಗುರುತಿಸಲು ಯಾರಿಗೂ ಕನ್ನಡಕ ಬೇಡ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮಳೆಗೆ ಮೊದಲು ಹೊಡೆಯುವ ಬೋರ್ಡೋ ಮದ್ದು, ಮೈಲುತುತ್ತು ಮತ್ತು ಸುಣ್ಣ. ಜೂನಿನಲ್ಲಿ ತಾವು ಸರಾಗವಾಗಿ ಏರಿ ಇಳಿಯುತ್ತಿದ್ದಿರಿ. ಆಗ ತಮ್ಮನ್ನು ಹೊರಗೆ ತೆಗೆದು ಗ್ರೀಸು ಹಚ್ಚಲು ಹೋದರೆ ಡಬ್ಬಿ ಖಾಲಿ. ಪಕ್ಕದಲ್ಲಿ ಹೊಡೆದು ಮಿಕ್ಕಿದ ಮದ್ದು ಅರ್ಧ ಬಕೆಟು ಇತ್ತು. ಇಡೀ ಮಳೆಗಾಲ ಅಡಿಕೆಯನ್ನು ಕಾಯುವ ಮದ್ದು ಒಂದು ಕೊಳವೆಯನ್ನು ಕಾಯದೆ ಇರುತ್ತದಾ ಎಂದುಕೊಂಡು ತಮಗೂ, ಕೊಳವೆಯ ಒಳಗೂ ಎರಡೆರಡು ಕೋಟು ಬಳಿದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೋರ್ಡೋ ಕಲಸಿದ್ದಕ್ಕೆ ಅದೇ ವಾರ ಜನಾರ್ದನನನ್ನು ನಾಲ್ಕು ಜನರೆದುರು, "ನಿನ್ನ ತಲೆಯಲ್ಲಿ ಎಂತ ಉಂಟು ಮಾರಾಯ? ಪಾತ್ರೆಯನ್ನೇ ತಿಂದು ಹಾಕುತ್ತದೆ!" ಎಂದು ಬೈದವನೂ ನಾನೇ. ತಾವು ಅಲ್ಯೂಮಿನಿಯಂ ಎಂದು, ಮದ್ದು ತಿಂದು ಕೊಳವೆಗೆ ಕಚ್ಚಿಕೊಳ್ಳುವ ಮೊದಲು, ತಾವಾದರೂ ಒಂದು ಮಾತು ಹೇಳಬಹುದಿತ್ತು.

ಅದು ಹೋಗಲಿ. ತಮ್ಮನ್ನು ಒಳಗೆ ಹಾಕುವಾಗ ಅವಳ ಅಳತೆಗೆ ಹಾಕಿದ್ದರೂ ಮುಗಿಯುತ್ತಿತ್ತು. ನನ್ನ ಕಾಲಿಗೆ ಸರಿಯಾಗಿ ಎತ್ತಿಟ್ಟು, ಒಂದು ಟ್ರಯಲ್ ನೋಡಿ ಮತ್ತೆ ಇಳಿಸುವ ಎಂದು ಅಂಗಳದಲ್ಲಿ ಎರಡು ಸುತ್ತು ಹೊಡೆದೆ. ಗಾಳಿ ಚೆನ್ನಾಗಿತ್ತು, ಇನ್ನೂ ನಾಲ್ಕು ಸುತ್ತು ಹೊಡೆದೆ. ಅಷ್ಟರಲ್ಲಿ ಮಳೆ ಹಿಡಿಯಿತು, ಸೈಕಲನ್ನು ಒಳಗಿಟ್ಟು ಮರೆತೆ. ಇದನ್ನು ಅವಳಿಗೆ ಹೇಳಿಲ್ಲ. ಕೋಯನ ಬಾಗಿಲಿಗೆ ಅಂಟಿಸುವ ನಕಲಿನಲ್ಲಿ ಬೋರ್ಡೋದಿಂದ ಇಲ್ಲಿಯವರೆಗಿನದ್ದು ಇರುವುದಿಲ್ಲ.

ನಾಳೆ ಬೆಳಿಗ್ಗೆ ಏಳೂವರೆಗೆ ಮಂಗಳಾರತಿ. ಆ ಮೇಲೆ ನಾನು ಮಣೆಯಿಂದ ಎತ್ತುವ ಮೊದಲನೆಯ ಆಯುಧ ಗರಗಸ. ಕೊಯ್ದರೆ ತಾವೂ ಇಲ್ಲ, ಒಳಗೆ ಉಳಿಯುವ ತುಂಡು ಬೇರೆ ಕಂಬಕ್ಕೆ ಜಾಗ ಬಿಡದೆ ಸೀಟೂ ಇಲ್ಲ. ಕೊಯ್ಯದಿದ್ದರೆ ಅವಳ ಕಾಲಿಗೆ ಪೆಡಲು ಇಲ್ಲ. ಅವಳು ಮಾತ್ರ ಏನೂ ಕೇಳದೆ ತಮಗೆ ಮಾಲೆ ಹಾಕಿ, ಹಾಳೆಯ ಮಡ್‌ಗಾರ್ಡಿಗೂ ಒಂದು ಹೂವು ಸಿಕ್ಕಿಸಿ ಹೋಗಿದ್ದಾಳೆ. ಕೇಳಿದ್ದರೆ ಎರಡು ಜಗಳವಾಡಿ ಸುಧಾರಿಸಿಕೊಳ್ಳಬಹುದಿತ್ತು. ತಾವು ಇವತ್ತೇ ಯೋಚಿಸಿ ಒಂದು ದಾರಿ ಹೇಳಬೇಕಾಗಿ ಪ್ರಾರ್ಥನೆ.

ಏಳೂವರೆಯವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಹರಿನಾರಾಯಣ

ತಾ.ಕ.: ವಿಜಯದಶಮಿ, ಹತ್ತು ಗಂಟೆ. ಜಗಲಿಯಲ್ಲಿ ಮರೆತಿದ್ದ ಈ ಪತ್ರವನ್ನು ಅವಳು ನನಗಿಂತ ಮೊದಲು ಎದ್ದು ಓದಿದ್ದಾಳೆ. "ಬೋರ್ಡೋ ಬಳಿದದ್ದು ನನಗೆ ಜೂನಿನಲ್ಲೇ ಗೊತ್ತುಂಟು, ಪತ್ರೊಡೆಗೆ ಹಿಟ್ಟು ಬಳಿಯುವ ನನ್ನ ಬ್ರಷ್ ನೀಲಿಯಾಗಿತ್ತು. ಕೂರುವ ವಿದ್ಯೆ ಬರುವ ವರ್ಷಕ್ಕೆ ಇರಲಿ. ಗರಗಸ ಕೆಳಗಿಡಿ, ಹಿಂದಿನಿಂದ ಹಿಡಿಯಿರಿ" ಎಂದು ಸೀಟಿನ ಮುಂದೆ ಪೆಡಲಿನ ಮೇಲೆ ನಿಂತೇ ಬಿಟ್ಟಳು. ಹಿಡಿದಾಗ ತಿಳಿಯಿತು, ತಾವು ನಿಂತಿರುವ ಎತ್ತರಕ್ಕೆ ನನ್ನ ಕೈ ಸೊಂಟ ಬಗ್ಗಿಸದೆ ಸರಿಯಾಗಿ ಬರುತ್ತದೆ. ಮೂರು ಸುತ್ತು ಓಡಿದೆ. ನಾಲ್ಕನೆಯದರಲ್ಲಿ "ಬಿಡಿ" ಎಂದಳು, ಬಿಡಲಿಲ್ಲ. "ಬಿಡಿ ಅಂದೆನಲ್ಲ!" ಎಂದಳು, ಬಿಟ್ಟೆ. ಗೇಟಿನವರೆಗೆ ನಿಂತುಕೊಂಡೇ ಹೋಗಿ ಗಂಟೆ ಬಾರಿಸಿದಳು; ದನ ಓಗೊಟ್ಟಿತು. ಆದ್ದರಿಂದ ತಾವು ಇನ್ನು ಇಳಿಯುವ ಅಗತ್ಯವಿಲ್ಲ, ಯಾರನ್ನೂ ಹೊರದೆ ಹುದ್ದೆಯಲ್ಲಿ ಮುಂದುವರಿಯಬಹುದು. ಅಂಥವರು ಆಫೀಸುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವಳ ಮೂವರು ಅಣ್ಣಂದಿರಿಗೂ ಈ ಪತ್ರದ ಒಂದೊಂದು ನಕಲು ಇವತ್ತೇ ಬರೆದಿಟ್ಟು ನಾಳೆ ಅಂಚೆಗೆ ಹಾಕುತ್ತೇನೆ. ಬೋರ್ಡೋದ ಪ್ಯಾರಾ ಬಿಟ್ಟು.